ತಿಕೋಟಾದಲ್ಲಿ ಹಿಡಿದ ಸುರ

ಆ ವಿಡಿಯೊದಲ್ಲಿ ಅವನ ಮುಖವಿಲ್ಲ. ಎಲ್ಲ ತಕರಾರಿನ ಮೂಲ ಅದೇ. ಗಿಟಾರಿನ ಕುತ್ತಿಗೆ ಕಾಣುತ್ತದೆ, ಅದರ ಮೇಲೆ ಅವನ ಎಡಗೈ ಕಾಣುತ್ತದೆ, ತಂತಿಯನ್ನು ಮೇಲಕ್ಕೆ ದೂಡಿ ಹಿಡಿದು ನಡುಗುತ್ತಿರುವ ಎರಡು ಬೆರಳು ಕಾಣುತ್ತವೆ. ಹಿಂದೆ ಜನರ ಕೂಗು. ಆ ಕೂಗಿನಲ್ಲಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಸ್ಪಷ್ಟವಾಗಿ ಕೇಳುವುದು ನನ್ನದೇ ದನಿ: "ಹಿಡದೈತಿ! ಹಿಡದೈತಿ!"

ನೋಡಿದವರೆಲ್ಲ ಅದನ್ನು ಅವನು ಬಾರಿಸಿದ ಅತ್ಯುತ್ತಮ ಸುರ ಎನ್ನುತ್ತಾರೆ. ನಾನು ಅದನ್ನು ಒಬ್ಬ ಮನುಷ್ಯ ನಮ್ಮ ಕಣ್ಣೆದುರು ಸಾಯಲು ಹೊರಟಿದ್ದ ಗಳಿಗೆ ಎನ್ನುತ್ತೇನೆ. ಇಷ್ಟು ಸರಳವಾದ ಮಾತನ್ನು ನಾನು ಹೇಳುತ್ತಲೇ ಇದ್ದೇನೆ. ಯಾರ ಕಿವಿಗೂ ಅದು ಬೀಳುವುದಿಲ್ಲ. ಕಿವಿಯ ಬಗ್ಗೆ ಅಷ್ಟು ಹೆಮ್ಮೆ ಇರುವ ಜನ.

ಅವನು ನಮ್ಮ ಓಣಿಯವನು. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಕಡೆಗಿರುವ ಓಣಿ ನಮ್ಮದು. ಅವನಿಗೆ ವಿಜಯಪುರದ ಪೇಟೆಯಲ್ಲಿ ಹನಿ ನೀರಾವರಿಯ ಪೈಪು ಮಾರುವ ಅಂಗಡಿ ಇದೆ. ರವಿವಾರ ಅಂಗಡಿ ತೆರೆಯುವುದಿಲ್ಲ, ಗಿಟಾರು ತೆರೆಯುತ್ತಾನೆ. ಅವನು ಬಾರಿಸುವುದು ಬ್ಲೂಸ್. ಅಮೆರಿಕದ ಕಪ್ಪು ಜನ ಹೊಲದಲ್ಲಿ ದುಡಿದು, ದಣಿದು, ದಣಿವನ್ನೇ ಹಾಡು ಮಾಡಿಕೊಂಡ ಸಂಗೀತ. ಮಾತು ಮಾತ್ರ ಇವನದೇ, ನಮ್ಮ ಕಡೆಯದೇ. ಕರೆಂಟು ಹೋದದ್ದರ ಮೇಲೆ ಒಂದು ಹಾಡು, ಗಿರಾಕಿ ಬಾರದ ಮಧ್ಯಾಹ್ನದ ಮೇಲೆ ಒಂದು. ಕೇಳಲು ಮೊದಲು ಹೋದಾಗ ನನಗೆ ನಗು ಬಂದಿತ್ತು. ಎರಡನೆಯ ಹಾಡಿಗೆ ನಗು ನಿಂತಿತು.

ಅವನ ಪಡಸಾಲೆಗೆ ರವಿವಾರ ಬೆಳಿಗ್ಗೆ ಸೇರುವ ಅಭಿಮಾನಿಗಳಲ್ಲಿ ಇಬ್ಬರ ಪರಿಚಯ ಆಗಲೇಬೇಕು. ಒಬ್ಬರು ಬ್ಯಾಂಕಿನಲ್ಲಿ ಅಧಿಕಾರಿ. ಅವರನ್ನು ಎಲ್ಲರೂ ಸಾಹೇಬರು ಎನ್ನುತ್ತೇವೆ. ಮನೆಯಲ್ಲಿ ಬ್ಲೂಸಿನ ಹಳೆಯ ರೆಕಾರ್ಡುಗಳನ್ನು, ಅದರಲ್ಲೂ ಆ ಸಂಗೀತಕ್ಕೆ ಹೆಸರಾದ ಅಮೆರಿಕದ ಶಿಕಾಗೊ ಊರಿನವನ್ನು, ಕೂಡಿಹಾಕಿದ್ದಾರೆ. ಇನ್ನೊಬ್ಬರು ತಿಕೋಟಾದ ದ್ರಾಕ್ಷಿ ಬೆಳೆಗಾರರು. ಅವರು ನಮಗೆ ಸಾಹುಕಾರರು. ಹುಟ್ಟಿದಾಗಿನಿಂದ ಭಜನೆ ಕೇಳಿಕೊಂಡು ಬಂದವರು. ಇವರಿಬ್ಬರ ನಡುವೆ, ಬಾಗಿಲ ಹತ್ತಿರದ ಕುರ್ಚಿಯಲ್ಲಿ, ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು.

ಜಗಳ ಯಾವಾಗಲೂ ಒಂದೇ: ಇವನ ಕೈಗೆ ಇದು ಎಲ್ಲಿಂದ ಬಂತು?

"ಈಗ ಎಳದ ನೋಡ್ರಿ, ಆ ಎಳತ ಶಿಕಾಗೊದ್ದು," ಎನ್ನುತ್ತಿದ್ದರು ಸಾಹೇಬರು, ಕಣ್ಣು ಮುಚ್ಚಿಕೊಂಡು. "ಪಕ್ಕಾ ಶಿಕಾಗೊ."

"ಎಲ್ಲೈತ್ರಿ ಅದು? ನಿಡೋಣಿ ದಾಟಿ ಎಡಕ್ಕೇನು?" ಎಂದು ಸಾಹುಕಾರರು ಕೇಳುತ್ತಿದ್ದರು. "ಇವರವ್ವನ ತವರಮನಿ ನಿಡೋಣಿ. ಇವನ ಅಜ್ಜ ಅಲ್ಲಿ ಏಕತಾರಿ ಹಿಡದು ಕುಂತ್ರ ಊರ ಗಪ್ ಆಗ್ತಿತ್ತು. ನಾ ಸಣ್ಣಾಂವ ಇದ್ದಾಗ ಕೇಳೇನಿ. ಅದ ಎಳತ ಇದು."

"ಏಕತಾರಿಗೆ ಇರೂದು ಒಂದ ತಂತಿ. ಅದರಾಗ ಎಳೀತಾರೇನ್ರೀ ಸಾಹುಕಾರ್ರ?"

"ತಂತಿ ಎಳೀತಿದ್ದಿಲ್ರಿ, ಕೊಳ್ಳಾಗಿನ ದನಿ ಎಳೀತಿದ್ದ. ನಿಮ್ಮ ರೆಕಾರ್ಡಿನಾಗ ಕೊಳ್ಳ ಇರತಾವೇನು?"

ಒಮ್ಮೆ ನಾನು ಅವನನ್ನೇ ಕೇಳಿದೆ. ಅವನು ತಂತಿ ಒರೆಸುತ್ತಾ, "ನನಗ ರೈಲಿಂದ ಬಂದೈತ್ರಿ ಅಕ್ಕಾ," ಎಂದ. "ಸಣ್ಣಾಂವ ಇದ್ದಾಗಿಂದ ದಿನಾ ಕೇಳತೇನಿ. ದೂರ ಇದ್ದಾಗ ಒಂದ ಸುರ, ಮನಿ ಹಂತೇಕ ಬಂದಾಗ ಒಂದ, ದಾಟಿ ಹ್ವಾದ ಮ್ಯಾಲೆ ಜಾರಿ ಕೆಳಗಿಳೀತೈತಿ. ಅದನ್ನ ಬೆರಳಾಗ ತರಾಕ ನೋಡ್ತೇನಿ." ಸಾಹೇಬರೂ ಸಾಹುಕಾರರೂ ಅಂದು ಮೊದಲ ಬಾರಿಗೆ ಒಂದೇ ಅಭಿಪ್ರಾಯಕ್ಕೆ ಬಂದರು. ಅವನಿಗೆ ಏನೂ ಗೊತ್ತಿಲ್ಲ ಎಂದು ಇಬ್ಬರೂ ನಕ್ಕರು.

ಅವನು ಚೆನ್ನಾಗಿ ಬಾರಿಸಿದಾಗ ಅವರು ಕೂಗುವ ಮಾತು ಒಂದಿತ್ತು. ಅದು ಭಜನೆಯ ಕಟ್ಟೆಯಿಂದ ಸಾಹುಕಾರರು ತಂದದ್ದು, ಸಾಹೇಬರಿಗೂ ಅಂಟಿತ್ತು. ಸುರ ಸರಿಯಾದ ಜಾಗಕ್ಕೆ ಹೋಗಿ ನಿಂತರೆ "ಹಿಡದಾ!" ಇಡೀ ಹಾಡು ಕೂಡಿಬಂದರೆ "ಹಿಡದೈತಿ!" ಕೂಡದಿದ್ದರೆ ತಲೆ ಅಲ್ಲಾಡಿಸಿ "ಇವತ್ತ ಹಿಡೀಲಿಲ್ಲ ಬಿಡ್ರಿ." ಈ ಮಾತಿಗೆ ನಮ್ಮ ಕಡೆ ಇನ್ನೊಂದು ಬಳಕೆ ಇರುವುದು ಎಲ್ಲರಿಗೂ ಗೊತ್ತು. ಕರೆಂಟೂ ಹಿಡಿಯುತ್ತದೆ.

ತಿಕೋಟಾದಲ್ಲಿ ಸಾಹುಕಾರರು ಹೊಸದಾಗಿ ಒಣದ್ರಾಕ್ಷಿಯ ಶೆಡ್ ಕಟ್ಟಿಸಿದರು. ಬೆಳಿಗ್ಗೆ ಪೂಜೆ, ಮಧ್ಯಾಹ್ನ ಊಟ, ಸಂಜೆ ಇವನ ಗಿಟಾರು ಎಂದು ಗೊತ್ತುಮಾಡಿದರು. ಶೆಡ್ಡಿನಲ್ಲಿ ದ್ರಾಕ್ಷಿ ಒಣಗಿಸುವ ಬಲೆಗಳನ್ನು ಸಾಲುಸಾಲಾಗಿ ಕಟ್ಟಿದ್ದರು, ಎಲ್ಲ ಖಾಲಿ. ಊಟದ ಎಂಜಲು ತೆಗೆದು ನೆಲ ತೊಳೆದಿದ್ದರು. ಆ ಹಸಿ ನೆಲದ ಮೇಲೆಯೇ ಜಮಖಾನೆ ಹಾಸಿ ಅವನನ್ನು ನಿಲ್ಲಿಸಿದರು. ಗಿಟಾರಿನ ಆಂಪ್ಲಿಫೈಯರ್ ಅವನದು, ಮೈಕು ಊರಿನ ಬಾಡಿಗೆಯದು. ಡ್ರಮ್ಮಿಗೆ ಕುಳಿತವನು ಅವನ ಹೆಂಡತಿಯ ತಮ್ಮ, ಇಟ್ಟಂಗಿಹಾಳದವನು. ಹೊಲದ ಕೆಲಸ ಮುಗಿಸಿ ಬಂದು ಬಾರಿಸುವ ಹುಡುಗ, ಮಾತು ಕಡಿಮೆ.

ಶುರುವಾಗುವ ಮೊದಲು ಅವನು ಮೈಕಿಗೆ ಬಾಯಿ ಹಚ್ಚಿ ನೋಡಿ ಹಿಂದೆ ಸರಿದ. ತುಟಿ ಒರೆಸಿಕೊಂಡ.

"ಚುಮುಚುಮು ಅಂತೈತ್ರಿ ಸಾಹುಕಾರ್ರ, ತುಟಿಗೆ."

ನಾನು ಪಕ್ಕದಲ್ಲಿಯೇ ಇದ್ದೆ. "ಅರ್ಥಿಂಗ್ ಐತೇನ ನೋಡಸ್ರಿ ಮೊದಲ. ನೆಲಾ ಬ್ಯಾರೆ ಹಸಿ ಐತಿ," ಎಂದೆ.

ಸಾಹುಕಾರರು ಜನರ ಕಡೆ ತಿರುಗಿ ನಕ್ಕರು. "ಅರ್ಥಶಾಸ್ತ್ರ ಕಲಸವ್ರಿಗೆ ಅರ್ಥಿಂಗಿಂದ ಚಿಂತಿ ನೋಡ್ರಿ! ಅಕ್ಕಾರ, ಹೊಸಾ ಶೆಡ್, ಹೊಸಾ ವಾಯರ್, ಎಲ್ಲಾ ಹೊಸಾದು. ನೀವು ಕುಂದರ್ರಿ, ಚಾ ಕಳಸ್ತೇನಿ."

ಎಲ್ಲರೂ ನಕ್ಕರು. ಅವನೂ ನಕ್ಕ. ಚಹಾ ಬಂತು.

ನಾನು ಡ್ರಮ್ಮಿನ ಬದಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದೆ. ಸಾಹೇಬರು ಎದುರಿಗೆ ನೆಲದಲ್ಲಿ ಮಂಡಿಯೂರಿ ಫೋನು ಹಿಡಿದಿದ್ದರು. ಅವರಿಗೆ ಬೇಕಾದದ್ದು ಎಡಗೈ ಮಾತ್ರ. ಯಾವ ಬೆರಳಿನಿಂದ ತಂತಿ ಎಳೆಯುತ್ತಾನೆ ಎಂದು ನೋಡಿ, ಶಿಕಾಗೊ ಹೌದೋ ಅಲ್ಲವೋ ಎಂಬುದನ್ನು ಸಾಹುಕಾರರಿಗೆ ತೋರಿಸಿಯೇ ತೀರುವುದಾಗಿ ಹೇಳಿದ್ದರು. ಹೀಗಾಗಿ ಕೈ ಅವರ ಫೋನಿನಲ್ಲಿ ಉಳಿಯಿತು. ಮುಖ ನನ್ನಲ್ಲಿ ಉಳಿಯಿತು.

ಮೂರೋ ನಾಲ್ಕೋ ಹಾಡು ಚೆನ್ನಾಗಿಯೇ ಹೋದವು. ಅವನು ತುಟಿಯನ್ನು ಮೈಕಿನಿಂದ ದೂರವೇ ಇಟ್ಟುಕೊಂಡು ಹಾಡುತ್ತಿದ್ದ. ಆಮೇಲೆ ಕರೆಂಟು ಹೋದ ಹಾಡು ಬಂತು. ಅದರಲ್ಲಿ ಒಂದು ಕಡೆ ತಂತಿಯನ್ನು ಎಳೆದು ಹಿಡಿದು, ಅದೇ ಸುರದಲ್ಲಿ ಬಾಯಿಂದಲೂ ಹಾಡಬೇಕು. ಬೆವರಿದ್ದ. ಹಾಡಿನಲ್ಲಿ ಮುಳುಗಿದ್ದ. ಮುಂದಕ್ಕೆ ಬಾಗಿದ. ತುಟಿ ಮೈಕಿಗೆ ತಾಗಿತು.

ನಾನು ಕಂಡದ್ದು ಇಷ್ಟು. ಅವನ ದನಿ ನಿಂತಿತು, ಬಾಯಿ ಮಾತ್ರ ತೆರೆದೇ ಇತ್ತು. ಕುತ್ತಿಗೆಯ ನರಗಳು ಹಗ್ಗದ ಹಾಗೆ ಎದ್ದವು. ಕಣ್ಣು ತೆರೆದಿದ್ದವು, ಯಾರನ್ನೂ ನೋಡುತ್ತಿರಲಿಲ್ಲ. ಬೆರಳುಗಳು ಬಿಗಿದುಕೊಂಡು ತಂತಿಯನ್ನು ಇನ್ನೂ ಮೇಲೆ, ಇನ್ನೂ ಮೇಲೆ ದೂಡಿದವು. ಆ ಸುರ ಅವನು ಎಂದೂ ಹೋಗದ ಜಾಗಕ್ಕೆ ಏರಿತು. ಅಲ್ಲಿ ನಿಂತು ನಡುಗಿತು. ಅದರ ಕೆಳಗೆ ದೊಡ್ಡದೊಂದು ಗುಂಯ್‌ಗುಟ್ಟುವ ಸದ್ದು ಇಡೀ ಶೆಡ್ಡನ್ನು ತುಂಬಿತು. ಎಷ್ಟು ಹೊತ್ತು ಎಂದು ಕೇಳಬೇಡಿ. ಸಾಹೇಬರು ಅದನ್ನೂ ಅಳೆದಿಟ್ಟಿದ್ದಾರೆ. ಅವರನ್ನೇ ಕೇಳಿ.

ನಾನು ಎದ್ದು ನಿಂತು "ಕರೆಂಟ್ ಹಿಡದೈತಿ! ಹಿಡದೈತಿ!" ಎಂದು ಒದರಿದೆ. ಮೊದಲನೆಯ ಪದ ಆ ಗುಂಯ್‌ಗುಡುವ ಸದ್ದಿನಲ್ಲಿ ಸತ್ತುಹೋಯಿತು. ಎರಡನೆಯದು ಉಳಿಯಿತು. ಅದನ್ನು ಹಿಂದಿನ ಸಾಲಿನವರು ಎತ್ತಿಕೊಂಡರು. "ಹಿಡದೈತಿ! ಹಿಡದಾ ನೋಡಲೇ, ಹಿಡದಾ!" ಒಬ್ಬ ಸೀಟಿ ಹೊಡೆದ. ಸಾಹುಕಾರರು ರುಮಾಲು ತೆಗೆದು ಗಾಳಿಯಲ್ಲಿ ತಿರುಗಿಸಿದರು. ನಾನು ಕೈ ಬೀಸಿದಷ್ಟೂ, ಒದರಿದಷ್ಟೂ, ಅವರು ನನಗಿಂತ ಜೋರಾಗಿ ಒದರಿದರು. ಜೀವಮಾನದಲ್ಲಿ ನನ್ನ ಮಾತಿಗೆ ಅಷ್ಟು ಜನ ಒಟ್ಟಿಗೆ ಒಪ್ಪಿಗೆ ಕೊಟ್ಟಿರಲಿಲ್ಲ.

ಇಟ್ಟಂಗಿಹಾಳದ ಹುಡುಗ ಡ್ರಮ್ಮು ಬಿಟ್ಟು ಎದ್ದು, ಬೂಟುಗಾಲಿನಿಂದ ಮೈಕಿನ ಸ್ಟ್ಯಾಂಡನ್ನು ಒದ್ದ. ಅದು ಬಿತ್ತು. ಸುರ ತುಂಡಾಯಿತು. ಅವನು ಗಿಟಾರು ಅಪ್ಪಿಕೊಂಡೇ ಹಿಂದಕ್ಕೆ ಬಿದ್ದ.

ಮುಂದಿನದನ್ನು ನಾನು ತುಂಡುತುಂಡಾಗಿ ಮಾತ್ರ ನೆನೆಯಬಲ್ಲೆ. ಅವನ ಹೆಂಡತಿ ಕೂಸನ್ನು ಯಾರ ಕೈಗೋ ಕೊಟ್ಟು ಓಡಿಬಂದಳು. ನಾನು ಬೋರ್ಡಿನ ಕಡೆ ಓಡಿದೆ. ಆಂಪ್ಲಿಫೈಯರಿನ ಮೂರು ಕಾಲಿನ ಪ್ಲಗ್ಗು ಬೋರ್ಡಿಗೆ ಕೂಡದ್ದಕ್ಕೆ ಯಾರೋ ಅದನ್ನು ಕತ್ತರಿಸಿ ಒಗೆದು, ಎರಡು ವಾಯರಿನ ತುದಿ ಸುಲಿದು ತೂತಿಗೆ ತುರುಕಿ, ಅಲುಗಾಡದಿರಲೆಂದು ಬೆಂಕಿಕಡ್ಡಿ ಸಿಗಿಸಿದ್ದರು. ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥಿಂಗಿನ ಹಸಿರು ವಾಯರು ಯಾವುದಕ್ಕೂ ಸೇರದೆ ಮಡಚಿಕೊಂಡು ಹೊರಗೆ ಬಿದ್ದಿತ್ತು. ಹೊಸ ಶೆಡ್, ಹೊಸ ವಾಯರ್, ಬೆಂಕಿಕಡ್ಡಿ.

ಅವನು ಎದ್ದು ಕುಳಿತು ನೀರು ಕುಡಿದ. ಜನ ಚಪ್ಪಾಳೆ ಹೊಡೆದರು. ಅವನು ಬಲಗೈ ಎತ್ತಿ ತೋರಿಸಿದ. ಎಡಗೈ ಎತ್ತಲಿಲ್ಲ.

ವಿಜಯಪುರಕ್ಕೆ ಕರೆತಂದು ತೋರಿಸಿದೆವು. ಎದೆಯ ಪರೀಕ್ಷೆ ಮಾಡಿದ ಡಾಕ್ಟರು, ಇನ್ನು ಸ್ವಲ್ಪ ಹೊತ್ತು ಬಿಟ್ಟಿದ್ದರೆ ತಮ್ಮ ಹತ್ತಿರ ತರುವ ಕೆಲಸವಿರಲಿಲ್ಲ ಎಂದರು. ತುಟಿಯ ಮೇಲೆ ಸುಟ್ಟ ಗಾಯ. ಎಡಗೈಯ ಎರಡು ಬೆರಳ ತುದಿಗೆ ಸ್ಪರ್ಶವಿರಲಿಲ್ಲ. ಬರಬಹುದು, ಬಾರದೆಯೂ ಇರಬಹುದು ಎಂದರು.

ವಾದ ಇಲ್ಲಿಗೆ ಮುಗಿಯಬೇಕಿತ್ತು. ಅದು ಶುರುವಾದದ್ದೇ ಇಲ್ಲಿಂದ. ವಿಡಿಯೊ ವಾಟ್ಸಾಪ್ ಗುಂಪಿಗೆ ಬಂತು, ಅಲ್ಲಿಂದ ಬೇರೆ ಗುಂಪುಗಳಿಗೆ ಹೋಯಿತು. ಮುಂದಿನ ರವಿವಾರ ಅವನು ಒಳಕೋಣೆಯಲ್ಲಿ ಮಲಗಿದ್ದ. ಹೊರಗೆ ಪಡಸಾಲೆಯಲ್ಲಿ ಸಾಹೇಬರು ಅದನ್ನೇ ಹಚ್ಚಿ ಹಚ್ಚಿ ತೋರಿಸುತ್ತಿದ್ದರು.

"ಝಟಕಾ ಹೊಡದೈತಿ, ನಾ ಇಲ್ಲ ಅನ್ನಂಗಿಲ್ಲ," ಎಂದರು. "ಆದ್ರ ಸುರ ಮೊದಲ, ಝಟಕಾ ಆಮ್ಯಾಲೆ. ಬೆರಳ ನೋಡ್ರಿ, ಎಷ್ಟ ತಯಾರಿಲೇ ಏರಸ್ಯಾನ!"

"ಇದರಾಗ ನಾ ನಿಮ್ಮ ಕಡೆ," ಎಂದರು ಸಾಹುಕಾರರು. ಅವರಿಗೆ ತಮ್ಮ ಶೆಡ್ಡಿನ ಮೇಲೆ ಮಾತು ಬಾರದಿದ್ದರೆ ಸಾಕಿತ್ತು. "ಆದ್ರ ಶಿಕಾಗೊ ಅಲ್ಲ. ಅವರಜ್ಜ ಬಂದು ನಿಂತಿದ್ದ ಅಲ್ಲಿ. ಆ ಹುಡುಗ ಕಾಲ್ ಹಾಕಿ ಕೆಡಿಸಿದ. ಇನ್ನೊಂದ ಜರಾ ತಡೀಬೇಕಿತ್ತು."

"ಇನ್ನೊಂದ ಜರಾ ತಡದಿದ್ರ ಅಂವ ಸಾಯ್ತಿದ್ದ," ಎಂದೆ.

"ಅಕ್ಕಾರ, ಮೊದಲ ಒದರಿದವ್ರು ನೀವ! ಕೇಳ್ರಿ ಇಲ್ಲಿ." ಸಾಹೇಬರ ಫೋನು ನನ್ನ ಕಿವಿಯ ಹತ್ತಿರ ಬಂತು. ಹಿಡದೈತಿ, ಹಿಡದೈತಿ. "ನಮ್ಮೆಲ್ಲಾರಕಿಂತ ಮೊದಲ ನಿಮಗ ತಿಳೀತು. ಈಗ ನೀವ ಇಲ್ಲ ಅಂತೀರಿ."

"ನಾ ಕರೆಂಟ್ ಹಿಡದೈತಿ ಅಂದದ್ದು!"

"ಅದರಾಗ ಎಲ್ಲೈತ್ರಿ ಕರೆಂಟ್?" ಎಂದು ಸಾಹೇಬರು ಮತ್ತೊಮ್ಮೆ ಹಚ್ಚಿದರು. ನಿಜ. ಅದರಲ್ಲಿ ಆ ಪದವಿಲ್ಲ.

"ಕಾಲೇಜ್ ಕಲತವ್ರದ್ದು ಇದ ತ್ರಾಸ," ಎಂದರು ಸಾಹುಕಾರರು, ಬೇಸರವಿಲ್ಲದೆ, ಬಲು ಪ್ರೀತಿಯಿಂದ. "ಒಂದ ಚಲೋ ಆದ್ರ ಅದಕ್ಕೊಂದ ಕಾರಣ ಹುಡುಕಬೇಕು."

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಅವನು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ.

ನಾನು ನಿದ್ದೆ ಕಳೆದುಕೊಂಡೆ. ಪಾಠದ ನಡುವೆ ಫ್ಯಾನಿನ ಗುಂಯ್‌ಗುಡುವ ಸದ್ದು ಕೇಳಿದರೆ ಸೀಮೆಸುಣ್ಣ ಹಿಡಿದ ಕೈ ನಿಲ್ಲುತ್ತಿತ್ತು. ಮಿಕ್ಸರಿನ ಪ್ಲಗ್ಗು ಚುಚ್ಚುವ ಮೊದಲು ಕೈ ಒರೆಸಿಕೊಳ್ಳುತ್ತಿದ್ದೆ, ಮತ್ತೆ ಒರೆಸಿಕೊಳ್ಳುತ್ತಿದ್ದೆ. ಮನಸ್ಸೂ ಸಾಹೇಬರ ಹಾಗೆ ಅದನ್ನೇ ಹಚ್ಚುತ್ತಿತ್ತು. ವ್ಯತ್ಯಾಸವೆಂದರೆ ನನ್ನದರಲ್ಲಿ ಮುಖವಿತ್ತು.

ಬಬಲೇಶ್ವರದಲ್ಲಿ ಸಾಹುಕಾರರ ಬೀಗರ ಮನೆಯ ಮದುವೆ ಬಂತು. ಊಟದ ಹೊತ್ತಿಗೆ ಇವನದೇ ಕಾರ್ಯಕ್ರಮ ಆಗಬೇಕು, ತಿಕೋಟಾದಾಗ ಹಿಡದದ್ದನ್ನ ಇಲ್ಲೂ ಹಿಡೀಬೇಕು ಎಂದು ಬೀಗರು ಹೇಳಿ ಕಳಿಸಿದರು. ಅವನು ಒಪ್ಪಿಕೊಂಡ ಎಂದು ಅವನ ಹೆಂಡತಿ ಬಂದು ಹೇಳಿದಾಗ ನಾನು ನೆಟ್ಟಗೆ ಅವನ ಅಂಗಡಿಗೆ ಹೋದೆ. ಪೈಪಿನ ಸುರುಳಿಗಳ ನಡುವೆ ಕುಳಿತು, ಎಡಗೈಯ ಬೆರಳುಗಳನ್ನು ಬಲಗೈಯಿಂದ ಒತ್ತಿಕೊಳ್ಳುತ್ತಿದ್ದ.

"ಬೆರಳಿಗೆ ಏನರ ತಿಳೀತೈತೇನು?"

"ತಂತಿ ತಿಳಿಯಂಗಿಲ್ರಿ ಅಕ್ಕಾ. ಎಲ್ಲಿ ಇಟ್ಟೇನಿ ಅಂತ ನೋಡೇ ಬಾರಸಬೇಕು."

"ಮತ್ಯಾಕ ಒಪ್ಪಿದೀ?"

ಒಂದು ಸುರುಳಿಯ ಗಂಟು ಬಿಗಿದ. "ಇಷ್ಟ ವರ್ಷ ಬಾರಸೇನಿ. ಇಂಥಾ ಮಾತ ಯಾರೂ ಅಂದಿದ್ದಿಲ್ಲ. ಸಾಹೇಬರು ಶಿಕಾಗೊ ಅಂತಿದ್ರು, ಸಾಹುಕಾರ್ರು ಅಜ್ಜ ಅಂತಿದ್ರು. ಆ ಒಂದ ಸುರಾ ಕೇಳಿ ಮೊದಲ ಸಲ ಮಂದಿ ನನ್ನ ಹೆಸರ ಹೇಳಾಕತ್ತಾರ."

"ಆ ಸುರ ನಿಂದಲ್ಲೋ."

"ಗೊತ್ತೈತ್ರಿ," ಎಂದ. ತಲೆ ಎತ್ತಲಿಲ್ಲ. "ಖರೇ ಅಂದ್ರ, ಪೂರಾ ಗೊತ್ತಿಲ್ಲ. ಏರಸೂ ಹೊತ್ತಿನ್ಯಾಗ ನಾನೂ ಏರಸಾಕತ್ತಿದ್ದೆ. ಎಲ್ಲಿ ತನಕಾ ನಾನು, ಎಲ್ಲಿಂದ ಅದು, ನೆನಪಿಲ್ಲ. ಇನ್ನೊಮ್ಮೆ ಬಾಯಿ ಹಚ್ಚಿ ಹಾಡಿದ್ರ ತಿಳದೀತು."

ನನಗೆ ಸಿಟ್ಟು ಬಂದದ್ದು ಅವನ ಮೇಲಲ್ಲ. ಎರಡು ವಾರದಿಂದ ಕೇಳಿ ಕೇಳಿ ಅವನಿಗೂ ತಾನು ಸಾಯುತ್ತಿದ್ದುದರ ಬಗ್ಗೆ ಅನುಮಾನ ಹುಟ್ಟಿತ್ತು. ಆದರೂ ಅವನಿಗೆ ಬೈಯುವ ಮಾತೇ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಒಬ್ಬ ರೈತ ಬಂದು ಪೈಪಿನ ದರ ಕೇಳಿದ. ನಾನು ಎದ್ದುಬಂದೆ.

ಬಬಲೇಶ್ವರಕ್ಕೆ ನಾನೂ ಹೋದೆ. ಹೋಗಬಾರದು ಎಂದುಕೊಂಡೇ ಹೋದೆ. ಅಕ್ಷತೆ ಬಿದ್ದು ಜನ ಊಟಕ್ಕೆ ನುಗ್ಗುತ್ತಿದ್ದರು. ನಾನು ವೇದಿಕೆಯ ಹಿಂದೆ ಹೋಗಿ ಬೋರ್ಡು ನೋಡಿದೆ. ಎರಡು ವಾಯರು, ಎರಡು ಬೆಂಕಿಕಡ್ಡಿ.

"ಇದ ಬ್ಯಾಡ," ಎಂದೆ ಮೈಕಿನವನಿಗೆ.

"ಎಲ್ಲಾ ಕಡೆ ಹಿಂಗ ಮಾಡ್ತೇವ್ರಿ ಅಕ್ಕಾರ. ಏನೂ ಆಗಂಗಿಲ್ಲ."

"ಆಗೈತಿ. ನಾ ನೋಡೇನಿ."

ಮೈಕಿನವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಇಟ್ಟಂಗಿಹಾಳದ ಹುಡುಗ ಬಂದು ಮಾತಿಲ್ಲದೆ ಕಡ್ಡಿಗಳನ್ನು ಕಿತ್ತು ಒಗೆದು, ಹೊಸ ಪ್ಲಗ್ಗು ಕೂಡಿಸಿದ. ಅರ್ಥಿಂಗ್ ಇದ್ದ ಒಂದೇ ಒಂದು ಜಾಗ ಅಡುಗೆಯ ಕಡೆ ಗ್ರೈಂಡರ್ ಚುಚ್ಚಿದ್ದ ಬೋರ್ಡು. ಮೈಕೂ ಆಂಪ್ಲಿಫೈಯರೂ ಎರಡೂ ಅಲ್ಲಿಗೇ ಹೋದವು. ಅಡುಗೆಯವರು ಬಾಯಿ ತೆಗೆದರು. "ಚಟ್ನಿ ನಿಮ್ಮ ಗಿಟಾರದಾಗ ಅರೀಲೇನ್ರಿ?" ಬೀಗರು ಮುಖ ಸಿಂಡರಿಸಿದರು. ಸಾಹುಕಾರರು, "ಅಕ್ಕಾರ, ಮದವಿ ಮನ್ಯಾಗ ಇದೇನ ಚಾಲೂ ಮಾಡೀರಿ?" ಎಂದರು. ಆ ಬೋರ್ಡಿನ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತೆ.

ಅವನ ಹೆಂಡತಿ ವೇದಿಕೆ ಹತ್ತಿದಳು. ಕಂಕುಳಲ್ಲಿದ್ದ ಕೂಸಿನ ಉಣ್ಣೆಯ ಕುಲಾವಿ ಬಿಚ್ಚಿ ಮೈಕಿನ ತಲೆಗೆ ತೊಡಿಸಿದಳು. ಕೆಳಗಿನ ಎರಡು ದಾರ ಎಳೆದು ಬಿಗಿಯಾಗಿ ಗಂಟು ಹಾಕಿದಳು. ಕೆಂಪು ಬಣ್ಣದ್ದು, ನೆತ್ತಿಗೆ ಒಂದು ಬಿಳಿ ಗೊಂಡೆ. ಜನ ಗೊಳ್ಳೆಂದು ನಕ್ಕರು.

"ಮೈಕಿಗೆ ಥಂಡಿ ಆಗೈತೇನ್ ತಂಗೀ?" ಎಂದು ಯಾರೋ ಕೂಗಿದರು.

"ಹೂನ್ರಿ," ಎಂದಳು ಅವಳು, ನಗದೆ. ಗಂಡನ ಕಡೆ ನೋಡದೆ ಇಳಿದುಬಂದು ನನ್ನ ಹತ್ತಿರ ನಿಂತಳು.

ಅವನು ಬಾರಿಸಿದ. ಬೆರಳುಗಳನ್ನು ನೋಡಿಕೊಂಡೇ ಬಾರಿಸಿದ. ಹಿಂದೆಂದೂ ಹಾಗೆ ನೋಡಿಕೊಳ್ಳುತ್ತಿರಲಿಲ್ಲ. ಎರಡು ಕಡೆ ತಂತಿ ಜಾರಿತು. ಸಾಹೇಬರು ಇಂದು ಕೂಡ ಎಡಗೈಯ ಮುಂದೆಯೇ ಇದ್ದರು. ಕರೆಂಟು ಹೋದ ಹಾಡು ಬಂತು. ನಾನು ಬೋರ್ಡಿನ ಸ್ವಿಚ್ಚಿನ ಮೇಲೆ ಬೆರಳು ಇಟ್ಟುಕೊಂಡಿದ್ದೆ. ಅವನು ತಂತಿ ಎಳೆದ. ಮುಂದಕ್ಕೆ ಬಾಗಿ ಬಾಯನ್ನು ಆ ಕೆಂಪು ಕುಲಾವಿಗೆ ಒತ್ತಿದ. ಪಕ್ಕದಲ್ಲಿ ಅವಳು ಕೂಸನ್ನು ಎದೆಗೆ ಅವುಚಿಕೊಂಡಳು.

ಸುರ ಏರಿತು. ಅವನು ಯಾವಾಗಲೂ ಏರುವ ಜಾಗದ ತನಕ ಏರಿತು, ಅಲ್ಲಿ ಸ್ವಲ್ಪ ತೊಡರಿತು, ರೈಲು ದಾಟಿ ಹೋದ ಮೇಲೆ ಜಾರುವ ಹಾಗೆ ಜಾರಿ ಕೆಳಗಿಳಿಯಿತು. ಅವನ ದನಿ ಅದರ ಜೊತೆಗೇ ಇತ್ತು, ಉಣ್ಣೆಯ ಒಳಗಿಂದ ಮಬ್ಬಾಗಿ ಬಂದರೂ ನಿಲ್ಲಲಿಲ್ಲ. ಹಾಡು ಮುಗಿಯಿತು. ನಾಲ್ಕಾರು ಜನ ಚಪ್ಪಾಳೆ ತಟ್ಟಿದರು. ಉಳಿದವರು ಊಟದ ಸಾಲಿಗೆ ಎದ್ದರು.

ಸಾಹೇಬರು ಫೋನು ಕಿಸೆಗಿಟ್ಟರು. "ಇವತ್ತ ಹಿಡೀಲಿಲ್ಲ ಬಿಡ್ರಿ."

"ಎಲ್ಲೀದು," ಎಂದರು ಸಾಹುಕಾರರು. "ಸುರ ಎಲ್ಲಾ ಉಣ್ಣಿಯಾಗ ಸಿಕ್ಕೊಂಡಿತು. ತಿಕೋಟಾದ್ದು ತಿಕೋಟಾಕ್ಕ."

ಅದು ಅವನಿಗೆ ಕೇಳಿಸಿತು. ಗಿಟಾರನ್ನು ಪೆಟ್ಟಿಗೆಯಲ್ಲಿಡುವಾಗ ಅವನ ಮುಖ ನೋಡಿದೆ.

ಹಿಂದಿರುಗುವಾಗ ಕಾರಿನಲ್ಲಿ ಮುಂದೆ ಡ್ರಮ್ಮಿನ ಹುಡುಗನೂ ಅವನೂ, ಹಿಂದೆ ನಾವಿಬ್ಬರು ಹೆಂಗಸರು ಮತ್ತು ಕೂಸು. ಬಿಸಿಲು ಇನ್ನೂ ಇತ್ತು. ಕಾರು ಬಬಲೇಶ್ವರ ದಾಟಿತು. ಆಮೇಲೆ ಅವನು ಹಿಂದಕ್ಕೆ ತಿರುಗದೆ ಕೇಳಿದ:

"ಅಕ್ಕಾ, ಖರೇ ಹೇಳ್ರಿ. ಹಿಡೀಲಿಲ್ಲೇನು?"

ಹಿಡಿಯಿತು ಎಂದರೆ ಸುಳ್ಳಾಗುತ್ತಿತ್ತು. ಹಿಡಿಯಲಿಲ್ಲ ಎಂದರೆ ಅವನು ಮತ್ತೊಂದು ಹಸಿ ನೆಲದ ಮೇಲೆ, ಮತ್ತೊಂದು ಮೈಕಿನ ಮುಂದೆ ಹೋಗಿ ನಿಲ್ಲುತ್ತಾನೆ.

ಅವನ ಹೆಂಡತಿ ಮೈಕಿನಿಂದ ಬಿಚ್ಚಿದ ಕುಲಾವಿಯನ್ನು ಕೊಡವಿ ಕೂಸಿನ ತಲೆಗೆ ಹಾಕುತ್ತಿದ್ದಳು.

"ಹಿಡೀಲಿಲ್ಲ," ಎಂದಳು. "ಅದಕ್ಕ ಮನಿಗೆ ಹೊಂಟೀರಿ."

ಅವನು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು, ಆ ಎರಡು ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಾ ಹೊರಗೆ ನೋಡಿದ. ನನ್ನ ಚೀಲದಲ್ಲಿ ಫೋನು ಗುಂಯ್‌ಗುಟ್ಟಿತು, ಮತ್ತೆ ಗುಂಯ್‌ಗುಟ್ಟಿತು. ಗುಂಪಿನಲ್ಲಿ ಯಾರೋ ತಿಕೋಟಾದ ವಿಡಿಯೊ ಮತ್ತೆ ಹಾಕಿರಬೇಕು. ನಾನು ತೆರೆದು ನೋಡಲಿಲ್ಲ.